ನೀಲಿ ಬಾಲ್ದಿ

ಮೊದಲು ಬಾಲ ನೋಡಬೇಕು, ಅನ್ನುತ್ತದೆ ಪುಸ್ತಕ.
ಕವಲೊಡೆದಿದ್ದರೆ ಹದ್ದು,
ಬೀಸಣಿಗೆಯಂತೆ ದುಂಡಗಿದ್ದರೆ ಗರುಡ.
ಬಂದರಿನ ಈ ತಾರಸಿಯಲ್ಲಿ, ಒದ್ದೆ ಬಟ್ಟೆಗಳ ನಡುವೆ,
ಎರಡು ವಾರ ಕತ್ತು ನೋಯಿಸಿಕೊಂಡೆ.
ಮಾಸಲು ಕಂದು. ಹೊರಳುವಾಗ ಬಾಲ
ದೋಣಿಯ ಚುಕ್ಕಾಣಿಯ ಹಾಗೆ ತಿರುಚಿಕೊಳ್ಳುತ್ತದೆ.
ಹದ್ದೇ. ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಗರುಡ ಸುಳಿದರೆ ಕೆಳಗಿನ ಮನೆಯ ಸುಗಂಧಿಯಕ್ಕ
ಸೌಟು ಹಿಡಿದೇ ಕೈಮುಗಿಯುತ್ತಾರೆ.
ಹದ್ದು ಸುಳಿದರೆ ಅದೇ ಸೌಟು ಬೀಸುತ್ತಾರೆ,
ಒಣಗಲಿಟ್ಟ ಸಿಗಡಿಯ ಕಾವಲಿಗೆ.
ಎರಡೂ ಕಳ್ಳವೇ ಅಲ್ವಾ, ಅಂದರೆ
"ಅದು ಕೊಂಡುಹೋದರೆ ನೈವೇದ್ಯ ಮಾರಾಯ್ತಿ,
ಇದು ಕೊಂಡುಹೋದರೆ ನಷ್ಟ."

ಸಂಜೆ ಐದಕ್ಕೆ ಕೋಳಿ ಅಂಗಡಿಯ ಚೆಯ್ಯಬ್ಬ
ನೀಲಿ ಬಾಲ್ದಿ ಹಿಡಿದು ಹೊಳೆಬದಿಗೆ ನಡೆಯುತ್ತಾರೆ.
ಮೊದಲು ಒಂದು. ಆಮೇಲೆ ಆಕಾಶವೆಲ್ಲ ಸಿಳ್ಳೆ.
ಎಸೆದ ಕರುಳು ನೆಲ ಮುಟ್ಟುವುದಿಲ್ಲ;
ಕಾಲಲ್ಲಿ ಹಿಡಿದು, ಹಾರುತ್ತಲೇ ಬಗ್ಗಿ ತಿನ್ನುತ್ತವೆ.
ಇಪ್ಪತ್ತೆರಡು ವರ್ಷ, ಅವರ ಕೈಗೆ ಒಂದು ಗೀರಿಲ್ಲ.
"ನನ್ನ ಮುಖ ಗೊತ್ತುಂಟು ಅವಕ್ಕೆ," ಎನ್ನುತ್ತಾರೆ
ಬೈರಾಸಿನಲ್ಲಿ ಆ ಮುಖವನ್ನೇ ಒರೆಸಿಕೊಳ್ಳುತ್ತ.

ಎಪ್ರಿಲಿನಲ್ಲಿ ಅವರನ್ನು ವೆನ್ಲಾಕಿಗೆ ಸೇರಿಸಿದರು.
ಶಟರ್ ಎಳೆದಿತ್ತು. ಐದಕ್ಕೆ ಸರಿಯಾಗಿ
ಹದ್ದುಗಳು ಬಂದು ಕರೆಂಟು ಕಂಬದಲ್ಲಿ,
ಐಸ್ ಪ್ಲಾಂಟಿನ ತಗಡಿನಲ್ಲಿ ಕೂತವು.
ಆರಕ್ಕೆ ಎದ್ದುಹೋದವು. ಮರುದಿನವೂ.

ನಳ್ಳಿ ನೀರು ದಿನ ಬಿಟ್ಟು ದಿನ ಬರುವ ಕಾಲ.
ನನ್ನ ಬಾಲ್ದಿಯ ಹಿಡಿ ಮುರಿದಿತ್ತು.
ಅಂಗಡಿ ಜಗಲಿಯಲ್ಲಿ ಕವುಚಿಟ್ಟಿದ್ದ ನೀಲಿಯದನ್ನು
ಯಾರನ್ನೂ ಕೇಳದೆ ಎತ್ತಿ, ಎರಡು ಸಲ ತಿಕ್ಕಿ ತೊಳೆದು
ಗೋದಾಮಿನ ಬಾವಿಗೆ ಹೊರಟೆ.

ಕಾಲಬುಡದಲ್ಲಿ ನೆರಳು ತಿರುಗಿತು.
ಆಮೇಲೆ ಸಿಳ್ಳೆ.
ಕಿವಿಯ ಪಕ್ಕ ಗಾಳಿ ಸೀಳಿ ಇಳಿದ ಒಂದು
ಬಾಲ್ದಿಯೊಳಗೆ ಇಣುಕಿ ಮೇಲೇರಿತು.
ಎಷ್ಟು ಹತ್ತಿರವೆಂದರೆ ಬಾಲ ನೋಡಲಾಗಲಿಲ್ಲ,
ಕಣ್ಣ ಹಿಂದಿನ ಕಪ್ಪು ಮಚ್ಚೆಯಷ್ಟೇ ಕಂಡಿತು.
ಹತ್ತು. ಹದಿನೈದು.
ನಾನು ಖಾಲಿ ಬಾಲ್ದಿ ಎತ್ತಿ ತೋರಿಸಿದೆ, ಮರುಳಿಯ ಹಾಗೆ:
ಇಲ್ಲ, ಎಂಥದೂ ಇಲ್ಲ, ನೋಡಿ.

ಮೂಸಂಬಿ ಹಿಡಿದು ಆಸ್ಪತ್ರೆಗೆ ಹೋದಾಗ
ಚೆಯ್ಯಬ್ಬ ತಲೆ ಎತ್ತದೆ ಕೇಳಿದರು,
"ನನ್ನನ್ನು ಹುಡುಕ್ತಾವಾ?"

"ದಿನಾ," ಅಂದೆ.
ಬಾಲ್ದಿಯ ಸಂಗತಿ ಹೇಳಲಿಲ್ಲ.