ಒಂದೂವರೆ ವೇಗ

ನಸುಕಿನ ನಾಲ್ಕಕ್ಕೆ ಟಿಬಿಲಿಸಿಯಲ್ಲಿ ಒಲೆಯ ಬಾಯಿ ಕೆಂಪು.
ಬಾಗಿ ರೊಟ್ಟಿ ಬಡಿಯುತ್ತಲೇ ನೋದಾರ್ ಅಂದ:
"ಮುಗಿಸಿದೆ, ಹತ್ತೂ ಕಂತು, ಎರಡೇ ರಾತ್ರಿ.
ಏನಿಲ್ಲ ಅದರಲ್ಲಿ. ಆ ಹಡಗಿನವನು ಸಾಯುತ್ತಾನೆ, ಅಷ್ಟೆ."

"ಥೂ, ಹೇಳಿಬಿಟ್ಟೆಯಲ್ಲ!" ಲಮಾರಾ
ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು, ತಡವಾಗಿ.
ಅವಳಿನ್ನೂ ಏಳನೆಯದರಲ್ಲಿ. ಆಮೇಲೆ ಕೇಳಿದಳು:
"ಅವನ ಹೆಂಡತಿ ಕೆಟಲ್ ಮುಂದೆ ನಿಲ್ಲುತ್ತಾಳಲ್ಲ,
ನೀರು ಕುದ್ದು ಕುದ್ದು ಇಂಗುವವರೆಗೂ,
ಅಲ್ಲಿ ನಾನೆದ್ದು ದೀಪ ಹಾಕಿದೆ ಕಣೋ."

"ಯಾವ ಕೆಟಲ್?"

ಅವನು ನೋಡುವುದು ಒಂದೂವರೆ ವೇಗದಲ್ಲಿ.
ಮಾತಿಲ್ಲದ ಕಡೆ ಬೆರಳೊತ್ತಿ ಹತ್ತು ಸೆಕೆಂಡು ಹಾರುತ್ತಾನೆ.
ಹೆಂಡತಿ ಹೋದ ಚಳಿಗಾಲದಿಂದ ಹೀಗೇ
ಎಂದು ನಮಗೆಲ್ಲ ಗೊತ್ತು. ಯಾರೂ ಅನ್ನಲಿಲ್ಲ.
ಮೂಟೆ ಇಳಿಸುತ್ತಿದ್ದ ಹುಡುಗ ಮಿಖೋ ಮಾತ್ರ
"ಸಂಗೀತ ಚೆನ್ನಾಗಿತ್ತು" ಅಂದ, ತನ್ನಷ್ಟಕ್ಕೆ.

ಮೊದಲ ಗಿರಾಕಿ ಕಿಟಕಿ ತಟ್ಟಿದ.
ನೋದಾರ್ ಒಲೆಯೊಳಗೆ ಇಣುಕಿ ನಿಂತಿದ್ದ, ಕೈಯಲ್ಲಿ ಕೊಕ್ಕೆ.
ರೊಟ್ಟಿ ಬೆಂದಿತ್ತು. ತೆಗೆಯಲಿಲ್ಲ.
"ನೀರು ಪೂರ್ತಿ ಇಂಗುತ್ತಾ?"
ಒಲೆಯನ್ನೇ ಕೇಳಿದ ಹಾಗಿತ್ತು.
"ಪೂರ್ತಿ."
"ಎಷ್ಟನೇ ಕಂತು?"

ಒಂದು ರೊಟ್ಟಿ ಸೀದುಹೋಯಿತು ಆವತ್ತು.
ಅದನ್ನು ನಾನೇ ತಿಂದೆ.