ಎಂಟನೆಯ ಬೀಜ

ಯುಗಾದಿ ಮುಗಿದ ಮೂರನೇ ರಾತ್ರಿ
ನಮ್ಮಪ್ಪ ಜಗಲಿಯ ಮೇಲೆ ಗುಡ್ಡ ಹಾಸುತ್ತಾನೆ.
ಇದ್ದಿಲಲ್ಲಿ ಎಳೆದ ಗೆರೆ, ಹಳ್ಳ.
ಅಡ್ಡ ಇಟ್ಟ ಬೀಡಿಕಟ್ಟು, ಗುಡ್ಡದ ಬೆನ್ನು.
ಉಪ್ಪಿನ ಹರಳು ನಾಲ್ಕು, ಕಾರೆಪೊದೆ.
ಹರಿದ ಚಪ್ಪಲಿಯ ಬಾರೇ ಬಲೆ.

ಮೊಲದ ಬೇಟೆ ನಿಂತು ಹನ್ನೊಂದು ವರ್ಷ.
ಕೇಸು ಬಿದ್ದು, ಚಳ್ಳಕೆರೆ ಕೋರ್ಟಿಗೆ ಅಲೆದಲೆದು
ಮೊಲಕ್ಕಿಂತ ವಕೀಲ ಚುರುಕೆಂದು ಕಲಿತ ಸೂರಯ್ಯಮಾವ.
ಅಟ್ಟದ ಬಲೆಯಲ್ಲಿ ಇಲಿ ಮರಿ ಹಾಕಿದೆ.
ಆದರೂ ವರ್ಷಕ್ಕೊಂದು ರಾತ್ರಿ
ಈ ಮೂವರು ಮುದುಕರು
ನಾಳೆಯೇ ಹೊರಡುವವರಂತೆ ಕೂತು
ಗಾಳಿ ಯಾವ ಕಡೆಗೆಂದು ಕೇಳುತ್ತಾರೆ.

ಒಳಗೆ, ಹೊಸ್ತಿಲಿಗೆ ಬೆನ್ನು ಕೊಟ್ಟು
ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದೇನೆ
ನಾನು, ಬೋರಕ್ಕ, ಪಾಲಯ್ಯನ ಮಗಳು,
ಇಲಾಖೆಯ ದಿನಗೂಲಿ ವಾಚರು.
ಮರಮರಕ್ಕೆ ಡಬ್ಬಿ ಕಟ್ಟುವುದು ನನ್ನ ಕೆಲಸ,
ಬಿಸಿಮೈ ಎದುರು ಹಾದರೆ ಕಣ್ಣು ಮಿಟುಕಿಸುವ ಡಬ್ಬಿ.
ಹೋದ ವರ್ಷ ತೋಳ ಮೂರು.
ಈ ವರ್ಷ ಏಳು.
ಸಾಹೇಬರಿಗೆ ಬಿಟ್ಟು ಯಾರಿಗೂ ಹೇಳುವಂತಿಲ್ಲ.
ಅಪ್ಪನಿಗಂತೂ.

"ಬಲೆ ಇಲ್ಲಿ," ಸೂರಯ್ಯಮಾವ ಬಾರು ಸರಿಸಿದ.
"ಅಲ್ಲಿ ಬ್ಯಾಡ. ಅಲ್ಲಿ ಅವ್ರು ಕೂತವ್ರೆ."
"ಯಾರು, ಫಾರೆಸ್ಟರಾ?"
"ಅವರಿಗಿಂತ ಮುಂಚಿನೋರು."
ಮಗ್ಗುಲ ಮೊರದಿಂದ ಹುಣಸೆಬೀಜ ಆಯ್ದು
ಒಂದೊಂದಾಗಿ ಇಟ್ಟ, ಹಳ್ಳ ತಿರುಗುವ ಕಡೆ,
ನನ್ನ ಮೂರನೇ ಡಬ್ಬಿಯಿರುವ ಕಮರದ ಬುಡಕ್ಕೇ.
ಸೂಜಿ ಬೆರಳಿಗೆ ಚುಚ್ಚಿತು.
ಎಂಟು ಬೀಜ.
ಒಂದು ಹೆಚ್ಚಾಯಿತು, ಅಂದುಕೊಂಡೆ. ವಯಸ್ಸು.

ಆಮೇಲೆ ಬೇಟೆಯೇ ತಲೆಕೆಳಗು.
ಕೆಂಚನನ್ನು ಬಿಡುವಂತಿಲ್ಲ,
ನುಗ್ಗಿದರೆ ವಾಪಸು ಬರುವುದು ಕೊರಳಪಟ್ಟಿ ಮಾತ್ರ.
ಕೂಗಿ ಸೋಯುವಂತಿಲ್ಲ,
ಮರಿಗಳು ಗವಿ ಬಿಟ್ಟು ಹೊರಗೆ ಬಿದ್ದ ಕಾಲ.
ಮೊಲವೂ ಗುಡ್ಡದಲ್ಲಿಲ್ಲ,
ಜೀವ ಹಿಡಿದುಕೊಂಡು ಶೇಂಗಾ ಕಿತ್ತ ಹೊಲದ ಬದುವಿಗೆ ಇಳಿದಿದೆ.
ಬಾರು ಜರುಗಿತು, ಉಪ್ಪು ಜರುಗಿತು,
ಬೀಜ ಇದ್ದಲ್ಲೇ ಇದ್ದವು.

"ಪಾಲು ಹೆಂಗೆ?" ಕಾಟಯ್ಯನಿಗೆ ಅದೇ ಚಿಂತೆ.
ಹಿಡಿಯದ ಮೊಲಕ್ಕೆ ಪಾಲು ನಡೆಯಿತು,
ಬಲೆಯವನಿಗೆ ತೊಡೆ, ಮೊದಲು ಕಂಡವನಿಗೆ ತಲೆ,
ನಾಯಿಗೆ ಕರುಳು.
"ಅವ್ರಿಗೆ?"
ಮೂವರೂ ಬೀಜ ನೋಡಿದರು. ಬೀಡಿಯೊಂದು ಆರಿತು.
"ನಮಗೆಷ್ಟು ಕೊಡಾದು ಅಂತ
ಅಲ್ಲಿ ಅವ್ರೂ ಮಾತಾಡ್ಕಂತಿರ್ತಾರೆ ಬಿಡು," ಅಂದ ಅಪ್ಪ.
ನಗು ಬಂತು, ನಗುವಿನ ಹಿಂದೆ ಕೆಮ್ಮು.

ನಾಲ್ಕು ದಿನ ಬಿಟ್ಟು ಕಾರ್ಡು ತೆಗೆದೆ.
ತೋಳ. ತೋಳ. ಮರಿ. ಬರೀ ಹುಲ್ಲು.
ತೋಳ, ಅರ್ಧ ಕಿವಿ ಮಾತ್ರ.
ಬೆಳಗಿನ ಐದು ಹನ್ನೆರಡಕ್ಕೆ
ಅಪ್ಪ.
ಬಲೆಯಿಲ್ಲ, ನಾಯಿಯಿಲ್ಲ, ಹೆಗಲಿಗೆ ಟವೆಲ್ಲೂ ಇಲ್ಲ.
ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ಹೆಜ್ಜೆ ಅಳೆಯುತ್ತಿದ್ದಾನೆ,
ದೂರದ ಮಗಳ ಕಾಗದ
ಅಕ್ಷರ ಕೂಡಿಸಿ ಓದುವವನ ಹಾಗೆ.
ನಾನು ಇಲ್ಲೇ ಇದ್ದೇನಲ್ಲ.

ರಿಜಿಸ್ಟರಿನಲ್ಲಿ ಮನುಷ್ಯರಿಗೂ ಒಂದು ಕಲಂ ಇದೆ,
ಅತಿಕ್ರಮ ಪ್ರವೇಶ.
ಪೆನ್ನು ಅದರ ಮೇಲೆ ನಿಂತೇ ನಿಂತಿತು,
ಶಾಯಿ ಒಂದು ಚುಕ್ಕಿ ಬಿಟ್ಟಿತು.

ಸಂಜೆ, ಮುದ್ದೆ ಮುರಿಯುತ್ತ ಅವನೇ ಕೇಳಿದ,
"ಎಷ್ಟ್ ಬರಕಂಡೆ?"
"ಏನನ್ನ?"
ಸುಮ್ಮನೆ ನೋಡಿದ.
"ಏಳು," ಅಂದೆ.
"ಎಂಟು.
ಮುದುಕಿ ಒಂದೈತೆ, ಹಿಂದಿನ ಎಡಗಾಲು ಊರಲ್ಲ.
ನಿನ್ ತಲೆಗೆಣ್ಣೆ ವಾಸನೆ ಹತ್ತೈತೆ ಆ ಡಬ್ಬಿಗೆ.
ಎಲ್ರುನ್ನೂ ಮುಂದೆ ಕಳಿಸಿ
ಅವ್ಳು ಪೊದೆ ಹಿಂದಿಂದ ಬತ್ತಾಳೆ."

ಸಾರು ಹಾಕೆಂದು ತಟ್ಟೆ ತಳ್ಳಿದ.
"ಗಾಳಿ ಕೆಳಗೆ ಕಟ್ಟು."