ಹದಿನೈದರ ನೀಲಿ

ಎಲ್ಲಿ ಕೂರಿಸಲಿ ಇದನ್ನು,
ಅಂಗೈಯಗಲದ ಈ ಕಪ್ಪು ಫ್ಯೂಸ್ ಬಾಕ್ಸನ್ನು?
ಮೂರು ಭಾನುವಾರ ಇದೇ ಯೋಚನೆ.

ಗಾಡಿಕೊಪ್ಪದ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ನಿಂತಿದೆ
ನನ್ನ ಹಾಟ್ ರಾಡ್:
ಹೆರಾಲ್ಡಿನ ಮೈ, ಕಾಂಟೆಸ್ಸಾದ ಎದೆ,
ಹಿಂದೆ ದಪ್ಪ ಚಕ್ರ, ಮುಂದೆ ಸಣ್ಣದು,
ಬಾನೆಟ್ಟು ಇಲ್ಲವೇ ಇಲ್ಲ.
‘ಏನಮ್ಮ ಐರಿನ್, ಇದು ಹುಟ್ಟಿದ್ದೇ ಹೀಗಾ?’
ಹಾಲಿನವರು ದಿನಾ ಕೇಳುತ್ತಾರೆ.
ಹುಟ್ಟಿದ್ದು ಹೀಗಲ್ಲ, ಸುಟ್ಟು ಹೀಗಾದದ್ದು.

ಇಂಜಿನ್ನಿನ ಪಕ್ಕ ಆಗದು. ಅಲ್ಲಿ ಹೊಗೆಕೊಳವೆಗಳು
ದೋಸೆಕಾವಲಿಯಂತೆ ಕಾಯುತ್ತವೆ.
ನೆಲದ ತಗಡಿಗೆ ಬಡಿದರೆ
ಸಾಗರ ರಸ್ತೆಯ ಗುಂಡಿಗಳು ಪಾಲು ಕೇಳುತ್ತವೆ.
ಡ್ಯಾಶಿನಡಿ ನನ್ನ ಮೊಣಕಾಲಿಗೇ ಜಾಗವಿಲ್ಲ,
ಮೇಲೆ, ನಡುರಾತ್ರಿ ಎಲ್ಲೋ ಕೆಟ್ಟರೆ
ಬಾಯಲ್ಲಿ ಟಾರ್ಚು ಕಚ್ಚಿ ಅಂಗಾತ ಮಲಗಬೇಕು.

ಕೊನೆಗೆ ಸೀಟಿನ ಹಿಂದೆ, ಪ್ಲೈವುಡ್ ಹಲಗೆಗೆ.
ನೆಟ್ಟಗೆ ನಿಲ್ಲಿಸಿದೆ.
ತಂತಿಗಳು ಮೊದಲು ಕೆಳಗಿಳಿದು, ಜೋತು,
ಆಮೇಲೆ ಮೇಲೇರಿ ಒಳಹೋಗಬೇಕು.
ಬೆನ್ನು ಹತ್ತಿ ಬಂದ ನೀರು ಆ ಜೋಲಿನ ತುದಿಯಲ್ಲೇ
ತೊಟ್ಟಿಕ್ಕಿಹೋಗಲಿ, ಮುಂದಿನ ದಾರಿ ಕೇಳದೆ.
ತಂತಿ ನುಸಿಯುವ ತೂತುಗಳಿಗೆಲ್ಲ ಸೈಕಲ್ ಟ್ಯೂಬಿನ ಅಂಚು.
ನಾಲ್ಕು ಮೂಲೆಗೆ, ನಡುಕ ನುಂಗಲು,
ಹವಾಯಿ ಚಪ್ಪಲಿಯ ಬಿಲ್ಲೆಗಳು.
ಎಡಗಾಲಿನದು. ಬಲಗಾಲಿನದನ್ನು ನಾಯಿ ಒಯ್ದಿತ್ತು.

ಪಪ್ಪ ಪೇಂಟಿನ ಡಬ್ಬ ಬೋರಲು ಹಾಕಿ ಕೂತು
ನೋಡುತ್ತಾರೆ. ಮಾತಿಲ್ಲ.

ತೊಂಬತ್ತೊಂದರಲ್ಲಿ ಖಲಂದರನ ಅಕ್ಕನ ಮದುವೆ.
ಇದೇ ಹೆರಾಲ್ಡು, ಪಪ್ಪನದೇ ಸಾರಥ್ಯ.
ಹಾರ್ನಿನ ಫ್ಯೂಸು ಹೋಯಿತು, ಹಾಕಿದರೆ ಮತ್ತೆ ಹೋಯಿತು.
ಮದುಮಗನ ಗಾಡಿ ಮೂಕವಾಗಿ ಹೋಗುವುದುಂಟೇ?
ಸಿಗರೇಟಿನ ಬೇಗಡೆ ಸುತ್ತಿ ಸಿಕ್ಕಿಸಿದರು.
ತುಂಗೆಯ ಸೇತುವೆಯುದ್ದಕ್ಕೂ ಊದಿದ್ದೇ ಊದಿದ್ದು.
ಆಚೆ ದಡದಲ್ಲಿ ಡ್ಯಾಶಿನಿಂದ ಹೊಗೆ.
ಮದುಮಗ ಹೂವಿನ ಸೆಹರಾ ಸಮೇತ ಹಾರಿ ಓಡಿದನಂತೆ.
ಯಾರಿಗೂ ಏನೂ ಆಗಲಿಲ್ಲ.
ಖಲಂದರ್ ಈಗಲೂ ಹೇಳಿ ನಗುತ್ತಾನೆ.
ಪಪ್ಪ ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ,
ಭದ್ರಾವತಿಯ ಕಾರ್ಖಾನೆಗೆ ಇಪ್ಪತ್ತೆರಡು ವರ್ಷ
ಬಸ್ಸಿನಲ್ಲೇ ಹೋಗಿಬಂದರು.

ಮೊನ್ನೆ ಎದ್ದು ಒಳಹೋಗಿ ಬಂದರು, ಕೈಯಲ್ಲಿ
ಊಟದ ಸ್ಟೀಲ್ ಡಬ್ಬಿ,
ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಸಿಲ್ವೆಸ್ಟರ್.
‘ಇದರೊಳಗೆ ಕೂರಿಸು. ಕಲ್ಲು ಬಿದ್ದರೂ ಜಗ್ಗಲ್ಲ.’
ಹೇಗೆ ಹೇಳಲಿ?
‘ಪಪ್ಪ, ಇದು ಲೋಹ. ಒಂದು ತಂತಿ ಕಳಚಿ ತಾಗಿದರೆ...’
ಮುಚ್ಚಳ ಟಕ್ಕೆಂದು ಮುಚ್ಚಿತು.
‘ಹೌದಲ್ಲ. ಗೊತ್ತಿರಬೇಕಿತ್ತು ನನಗೆ.’
ಯಾವುದು ಗೊತ್ತಿರಬೇಕಿತ್ತು, ನಾನು ಕೇಳಲಿಲ್ಲ.

ಈದಿಗೆ ಖಲಂದರನ ಮನೆಯಿಂದ ಬಿರಿಯಾನಿ ಬಂದ
ಪ್ಲಾಸ್ಟಿಕ್ ಡಬ್ಬ ಸರಿಯಾಗಿ ಕೂತಿತು ಹೊದಿಕೆಯಾಗಿ.
ಎಷ್ಟು ತೊಳೆದರೂ ಲವಂಗದ ವಾಸನೆ.

ಬ್ಯಾಟರಿ ಕೂಡಿಸಿ, ಕೀಲಿ ತಿರುಗಿಸಿ, ಹಾರ್ನ್ ಒತ್ತಿದೆ.
ಕುಂಯ್ ಎಂದು ನಿಂತಿತು.
ಹದಿನೈದು ಆಂಪಿಯರಿನ ನೀಲಿ ಫ್ಯೂಸು ಕಿತ್ತು
ಬೆಳಕಿಗೆ ಹಿಡಿದರೆ, ನೀಲಿಯೊಳಗೆ
ಕೂದಲೆಳೆಯ ಸೇತುವೆ ಕಡಿದಿತ್ತು.
ಕೈ ತಾನಾಗಿ ಇಪ್ಪತ್ತರ ಹಳದಿಗೆ ಹೋಯಿತು.
ಪಪ್ಪ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇ.
‘ಅದು ಜಗಳ ಬಿಡಿಸೋಕೆ ಹೋಗಿ ಸತ್ತಿದೆ.
ಜಗಳ ಎಲ್ಲಿ, ಅದನ್ನ ನೋಡು.’

ನೋಡಿದೆವು, ಇಬ್ಬರೂ, ಸಂಜೆಯ ತನಕ.
ಹಾರ್ನಿನ ಪಟ್ಟಿಯಡಿ, ನಾನೇ ಬಿಗಿದ ಬೋಲ್ಟಿಗೆ ಸಿಕ್ಕಿ
ತಂತಿಯ ಸಿಪ್ಪೆ ಸುಲಿದಿತ್ತು,
ಉಗುರಿನಷ್ಟು.

ಈಗ ಗಾಜನೂರಿನ ತನಕ ಹೋಗಿಬರುತ್ತೇವೆ.
ಊಟದ ಡಬ್ಬಿಯಲ್ಲಿ ಬದಲಿ ಫ್ಯೂಸುಗಳು,
ಕೆಂಪು, ಹಳದಿ, ಎಲ್ಲಕ್ಕಿಂತ ಹೆಚ್ಚು ನೀಲಿ.
ತಿರುವು ಬಂದಾಗ ಗಲಗಲ ಎನ್ನುತ್ತದೆ.
ಪಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು
ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿಯುತ್ತಾರೆ,
ಅಕ್ಕಪಕ್ಕದ ಗಾಡಿಗಳಿಗೆ
ನಾನು ಹಾರ್ನ್ ಮಾಡಬೇಕಾದಲ್ಲೆಲ್ಲ
ಮೊದಲೇ ‘ಮಾಡು’ ಎನ್ನುತ್ತಾರೆ.